ಧರ್ಮಸ್ಥಳ ಪಾದಯಾತ್ರೆ: ಗಂಡ ಹೆಂಡತಿಗೆ ದಾರಿಯಲ್ಲೊಂದು ರೂಮು

ಶಿವರಾತ್ರಿ ಹತ್ತಿರ ಬಂತೆಂದರೆ ಬೆಂಗಳೂರಿನ ಬಡಾವಣೆಗಳಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ತಂಡಗಳು ಹೊರಡುತ್ತವೆ. ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಲೇಔಟಿನವರೂ ಅದರಲ್ಲಿ ಇರುತ್ತಾರೆ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಉಜಿರೆ ಸೇರಿದರೆ ಕ್ಷೇತ್ರ ಬಂದಂತೆಯೇ. ಒಟ್ಟು ದಾರಿ ಸುಮಾರು 300 ಕಿಲೋಮೀಟರ್. ತಂಡದವರು ಇದನ್ನು ಏಳೆಂಟು ದಿನಗಳಲ್ಲಿ ಮುಗಿಸುತ್ತಾರೆ. ಮಲಗುವುದು ಶಾಲೆ, ದೇವಸ್ಥಾನ, ಕಲ್ಯಾಣ ಮಂಟಪಗಳಲ್ಲಿ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಬಿಸಿಲು ಏರುವ ಮುಂಚೆ ದಾರಿ ಸಾಗಲಿ ಎಂದು ನಡುರಾತ್ರಿ ಕಳೆಯುತ್ತಲೇ ಎದ್ದು ನಡೆಯುವುದು ರೂಢಿ.

ಮೊದಲ ಬಾರಿ ಹೊರಡುವ ದಂಪತಿಗಳಲ್ಲಿ ಅನೇಕರು ಅರ್ಧ ದಾರಿಗೇ ಬಸ್ಸು ಹತ್ತುತ್ತಾರೆ. ಅದಕ್ಕೆ ಕಾಲುನೋವಿಗಿಂತ ಹೆಚ್ಚಾಗಿ ನಿದ್ದೆ, ಸ್ನಾನ, ಶೌಚಾಲಯದ ತೊಂದರೆಯೇ ಕಾರಣ. ನೂರು ಜನರ ನಡುವೆ ಎರಡೇ ಶೌಚಾಲಯ ಇರುವ ಕಡೆ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಫೆಬ್ರವರಿ, ಮಾರ್ಚಿನ ಬಿಸಿಲಲ್ಲಿ ಹಾಗೆ ಮಾಡಿದರೆ ಎರಡೇ ದಿನಕ್ಕೆ ತಲೆಸುತ್ತು, ಉರಿಮೂತ್ರ. ರೂಮು ಹುಡುಕುವುದನ್ನು ಸುಖದ ಚಪಲವೆಂದು ಯಾರಾದರೂ ಆಡಿಕೊಂಡರೆ ಕಿವಿಗೆ ಹಾಕಿಕೊಳ್ಳಬೇಡಿ. ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಸಿಕ್ಕಿದರೆ ಯಾತ್ರೆ ಪೂರ್ತಿಯಾಗುತ್ತದೆ.

ಹಂತ 1: ಮೊದಲು ರೂಮು, ಆಮೇಲೆ ಕಿಲೋಮೀಟರ್

ಹೊಸಬರು ಸಾಮಾನ್ಯವಾಗಿ ದಿನಕ್ಕೆ ಇಷ್ಟು ಕಿಲೋಮೀಟರ್ ಎಂದು ಭಾಗ ಮಾಡಿಕೊಂಡು, ಸಂಜೆ ಮುಟ್ಟಿದ ಊರಲ್ಲಿ ರೂಮು ಕೇಳುತ್ತಾರೆ. ಈ ದಾರಿಯಲ್ಲಿ ಅದು ನಡೆಯುವುದಿಲ್ಲ. ಲಾಡ್ಜುಗಳಿರುವುದು ಹೆಚ್ಚಾಗಿ ತಾಲ್ಲೂಕು ಕೇಂದ್ರಗಳಲ್ಲಿ. ನಡುವಿನ ಊರುಗಳಲ್ಲಿ ಹೋಟೆಲು, ಪೆಟ್ರೋಲ್ ಬಂಕು, ದೇವಸ್ಥಾನ ಇರುತ್ತವೆ, ಮಲಗಲು ಜಾಗ ಇರುವುದಿಲ್ಲ. ಸ್ಪೇನಿನ ಸಾಂತಿಯಾಗೊ ಯಾತ್ರೆಯ ದಾರಿಯಲ್ಲಿ ಸಾಮೂಹಿಕ ತಂಗುದಾಣಗಳ ಜತೆಗೇ ಖಾಸಗಿ ಕೋಣೆಗಳೂ ಸಿಗುತ್ತವೆ, ಬ್ಯಾಗನ್ನು ಮುಂದಿನ ಊರಿಗೆ ತಲುಪಿಸುವವರೂ ಇದ್ದಾರೆ. ನಮ್ಮಲ್ಲಿ ಆ ಏರ್ಪಾಡನ್ನು ನಾವೇ ಮಾಡಿಕೊಳ್ಳಬೇಕು.

ಒಂದು ಹಾಳೆಯ ಮೇಲೆ ಈ ಊರುಗಳನ್ನು ಬರೆಯಿರಿ: ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಉಜಿರೆ. ನಿಮ್ಮ ರಾತ್ರಿಗಳು ಇಲ್ಲಿ. ಹಗಲಿನ ನಡಿಗೆಯನ್ನು ಇವುಗಳ ನಡುವೆ ಹಂಚಿಕೊಳ್ಳಿ.

ಹಂತ 2: ಒಂದೇ ರೂಮು, ಎರಡು ರಾತ್ರಿ

ಎರಡು ಊರುಗಳ ನಡುವೆ 40, 50 ಕಿಲೋಮೀಟರ್ ಇದ್ದರೆ ಏನು ಮಾಡುವುದು? ನಡುವೆ ಎಲ್ಲಾದರೂ ನಡಿಗೆ ನಿಲ್ಲಿಸಿ, ಬಸ್ಸು ಹತ್ತಿ ರೂಮಿರುವ ಊರಿಗೆ ಹೋಗಿ ಮಲಗಿ. ಬೆಳಗ್ಗೆ ಬಸ್ಸಿನಲ್ಲೇ ನಿಲ್ಲಿಸಿದ ಜಾಗಕ್ಕೆ ವಾಪಸು ಬಂದು ಅಲ್ಲಿಂದ ನಡೆಯಿರಿ. ಸಂಜೆ ಅದೇ ರೂಮಿಗೆ ಕಾಲ್ನಡಿಗೆಯಲ್ಲಿ ಬಂದು ಸೇರುತ್ತೀರಿ. ಬ್ಯಾಗು ರೂಮಲ್ಲೇ ಇರುವುದರಿಂದ ಎರಡನೇ ದಿನ ಹೆಗಲ ಮೇಲೆ ನೀರಿನ ಬಾಟಲಿ ಬಿಟ್ಟರೆ ಏನೂ ಇರುವುದಿಲ್ಲ. ಹಿಂದಿನ ಸಂಜೆ ಒಗೆದ ಬಟ್ಟೆಯೂ ಒಣಗಿರುತ್ತದೆ.

ಪಾದಯಾತ್ರೆಯಲ್ಲಿ ವಾಹನ ಹತ್ತಬಾರದು ಎನ್ನುವ ಹಿರಿಯರಿದ್ದಾರೆ. ಅವರ ಮಾತಿಗೆ ಗೌರವ ಕೊಟ್ಟೇ ಹೇಳುತ್ತೇನೆ: ನಿಲ್ಲಿಸಿದ ಕಿಲೋಮೀಟರ್ ಕಲ್ಲಿನ ಬಳಿಯಿಂದಲೇ ಮತ್ತೆ ಹೊರಟರೆ ನಡೆಯಬೇಕಾದ ದಾರಿಯಲ್ಲಿ ಒಂದು ಅಡಿಯೂ ತಪ್ಪುವುದಿಲ್ಲ. ಕಲ್ಲಿನ ಫೋಟೊ ತೆಗೆದಿಟ್ಟುಕೊಳ್ಳಿ. ಹರಕೆ ಹೊತ್ತವರಾದರೆ, ಹೊರಡುವ ಮೊದಲೇ ಮನೆಯ ಹಿರಿಯರನ್ನು ಕೇಳಿ ಒಪ್ಪಿಗೆ ಪಡೆಯಿರಿ. ನಡುದಾರಿಯಲ್ಲಿ ಮನಸ್ಸು ಅಳುಕಬಾರದು.

ದಕ್ಷಿಣ ಬೆಂಗಳೂರಿನವರಿಗೆ ಮೊದಲ ರಾತ್ರಿ ರೂಮೇ ಬೇಡ. ನಮ್ಮ ಮೆಟ್ರೊ ಹಸಿರು ಮಾರ್ಗ 2024ರ ನವೆಂಬರಿನಿಂದ ತುಮಕೂರು ರಸ್ತೆಯ ಮಾದಾವರದವರೆಗೆ ಹೋಗುತ್ತದೆ. ಮನೆ ದೇವರಿಗೆ ಕೈಮುಗಿದು ಜಯನಗರದಿಂದ ಹೊರಟು, ಮೆಜೆಸ್ಟಿಕ್, ಯಶವಂತಪುರ, ಪೀಣ್ಯ ದಾಟಿ ಮಾದಾವರಕ್ಕೆ ಬಂದರೆ ಇಪ್ಪತ್ತು ಕಿಲೋಮೀಟರಿಗೆ ತುಸು ಹೆಚ್ಚು. ಅಲ್ಲಿ ಮೆಟ್ರೊ ಹತ್ತಿದರೆ ಜಯನಗರ, ಆರ್.ವಿ. ರಸ್ತೆ, ಬನಶಂಕರಿ, ಜೆ.ಪಿ. ನಗರ ಎಲ್ಲವೂ ಅದೇ ರೈಲಿನ ನಿಲ್ದಾಣಗಳು. ನಿಮ್ಮ ಹಾಸಿಗೆಯಲ್ಲೇ ಮಲಗಿ ಬೆಳಗ್ಗೆ ಮತ್ತೆ ಮಾದಾವರಕ್ಕೆ ಹೋಗಿ. ಶೂ ಕಚ್ಚುತ್ತಿದ್ದರೆ ಬದಲಾಯಿಸಲು, ಬ್ಯಾಗು ಭಾರವೆನಿಸಿದರೆ ಅರ್ಧ ಸಾಮಾನು ತೆಗೆದಿಡಲು ಇದೊಂದು ಅವಕಾಶ. ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತದೆ, ಹಾಗಾಗಿ ಎರಡನೇ ದಿನ ಭಾನುವಾರ ಬೀಳದಂತೆ ನೋಡಿಕೊಳ್ಳಿ.

ಮುಂದಿನ ಲೆಕ್ಕ ಹೀಗೆ. ಎರಡನೇ ದಿನ ಮಾದಾವರದಿಂದ ಸೋಲೂರಿನವರೆಗೆ ನಡೆದು, ಬಸ್ಸಿನಲ್ಲಿ ಕುಣಿಗಲ್. ಮೂರನೇ ದಿನ ಸೋಲೂರಿನಿಂದ ಕುಣಿಗಲ್. ನಾಲ್ಕನೇ ದಿನ ಯಡಿಯೂರು, ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಸಿದ್ಧಲಿಂಗೇಶ್ವರನ ಸನ್ನಿಧಿಯಲ್ಲಿ ದಾಸೋಹವಿದೆ, ಭಕ್ತರ ವಸತಿಯೂ ಇದೆ. ಐದನೇ ದಿನ ಬೆಳ್ಳೂರು ಕ್ರಾಸ್ ದಾಟಿ ಹಿರೀಸಾವೆ. ಇದು ಉದ್ದದ ದಿನ, ಆಗದಿದ್ದರೆ ಬೆಳ್ಳೂರು ಕ್ರಾಸಿನಲ್ಲೇ ನಿಲ್ಲಿಸಿ. ಮಲಗುವುದು ಚನ್ನರಾಯಪಟ್ಟಣದಲ್ಲಿ, ಎರಡು ರಾತ್ರಿ. ಆಮೇಲೆ ಶಾಂತಿಗ್ರಾಮದವರೆಗೆ ನಡೆದು ಹಾಸನದಲ್ಲಿ ಎರಡು ರಾತ್ರಿ, ಹಗರೆಯವರೆಗೆ ನಡೆದು ಬೇಲೂರಿನಲ್ಲಿ ಎರಡು ರಾತ್ರಿ. ಬೇಲೂರಿನಿಂದ ಮೂಡಿಗೆರೆ, ಮೂಡಿಗೆರೆಯಿಂದ ಕೊಟ್ಟಿಗೆಹಾರ, ಮರುದಿನ ಘಾಟಿ ಇಳಿದು ಚಾರ್ಮಾಡಿ, ಕೊನೆಯ ದಿನ ಉಜಿರೆ ಹಾದು ಧರ್ಮಸ್ಥಳ. ಎರಡು ವಾರ ಬೇಕು. ತಂಡದವರಿಗಿಂತ ನಿಧಾನ ನಿಜ, ಆದರೆ ಅರವತ್ತು ದಾಟಿದ ದಂಪತಿಯೂ ನಡೆಯಬಹುದಾದ ಲೆಕ್ಕವಿದು.

ಹೆದ್ದಾರಿಯ ಸಣ್ಣ ಊರುಗಳಲ್ಲಿ ಎಕ್ಸ್‌ಪ್ರೆಸ್ ಬಸ್ಸುಗಳು ನಿಲ್ಲುವುದಿಲ್ಲ, ಸಾಮಾನ್ಯ ಕೆಂಪು ಬಸ್ಸಿಗೆ ಕಾಯಿರಿ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಆ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಗುರುತಿನ ಚೀಟಿ ಕೈಗೆ ಸಿಗುವಂತಿರಲಿ.

ಹಂತ 3: ಗೋಡೆ ಕ್ಯಾಲೆಂಡರಿನಲ್ಲಿ ಮುಹೂರ್ತ ನೋಡಿ

ಇದನ್ನು ಯಾರೂ ಹೇಳುವುದಿಲ್ಲ. ಶಿವರಾತ್ರಿ ಬರುವುದು ಮಾಘ ಬಹುಳ ಚತುರ್ದಶಿಗೆ, ಮಾಘವೆಂದರೆ ಮದುವೆಗಳ ತಿಂಗಳು. ಒಳ್ಳೆಯ ಲಗ್ನವಿರುವ ದಿನದ ಹಿಂದಿನ ರಾತ್ರಿ ತಾಲ್ಲೂಕು ಪೇಟೆಯ ಲಾಡ್ಜುಗಳನ್ನೆಲ್ಲ ಗಂಡಿನ ಕಡೆಯವರೇ ಹಿಡಿದಿರುತ್ತಾರೆ. ಹೊರಡುವ ದಿನ ಗೊತ್ತುಮಾಡುವ ಮುನ್ನ ಪಂಚಾಂಗ ನೋಡಿ, ಮುಹೂರ್ತದ ದಿನಗಳಿಗೆ ಗುರುತು ಹಾಕಿ, ಆ ರಾತ್ರಿಗಳ ರೂಮನ್ನು ಎಲ್ಲಕ್ಕಿಂತ ಮೊದಲು ಹಿಡಿಯಿರಿ. ಬೇಲೂರು, ಮೂಡಿಗೆರೆ ಕಡೆಯ ರಾತ್ರಿಗಳು ಶನಿವಾರ, ಭಾನುವಾರಕ್ಕೆ ಬೀಳದಿದ್ದರೆ ಒಳ್ಳೆಯದು. ವಾರದ ಕೊನೆಗೆ ಬೆಂಗಳೂರೇ ಅಲ್ಲಿಗೆ ಹೋಗಿರುತ್ತದೆ.

ಶಿವರಾತ್ರಿಯ ದಿನವೇ ಕ್ಷೇತ್ರ ಮುಟ್ಟಬೇಕೆಂಬ ಹರಕೆ ಇಲ್ಲದಿದ್ದರೆ ಎರಡು ಮೂರು ದಿನ ಮುಂಚೆ ಮುಟ್ಟುವಂತೆ ಹೊರಡಿ. ದಾರಿಯಲ್ಲಿ ಜತೆಗೆ ಪಾದಯಾತ್ರಿಗಳೂ ಇರುತ್ತಾರೆ, ಊರಿನವರು ಕೊಡುವ ಮಜ್ಜಿಗೆ, ಪಾನಕ, ಊಟವೂ ಸಿಗುತ್ತದೆ, ರೂಮೂ ಸಿಗುತ್ತದೆ. ಜನವೇ ಇಲ್ಲದ ಕಾಲದಲ್ಲಿ ಇಬ್ಬರೇ ಹೊರಡುವುದನ್ನು ಹೊಸಬರಿಗೆ ನಾನು ಹೇಳಲಾರೆ.

ಹಂತ 4: ಫೋನಿನಲ್ಲಿ ಏನು ಕೇಳಬೇಕು

ಆನ್‌ಲೈನ್ ಬುಕಿಂಗ್ ಹಾಸನಕ್ಕೆ, ಬೇಲೂರಿಗೆ ಸಾಕು. ಬೇಲೂರಿನಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ವೇಲಾಪುರಿ ಇದೆ. ಕುಣಿಗಲ್, ಚನ್ನರಾಯಪಟ್ಟಣದ ಲಾಡ್ಜುಗಳಿಗೆ ಫೋನೇ ಸರಿ. ಮಧ್ಯಾಹ್ನ ಮೂರರ ಸುಮಾರಿಗೆ ಮಾಡಿ, ಆಗ ಕೌಂಟರಿನವರಿಗೆ ಬಿಡುವಿರುತ್ತದೆ. ಮಾತು ಹೀಗೆ ಶುರುವಾಗಲಿ:

"ಅಣ್ಣಾ, ನಮಸ್ಕಾರ. ಬೆಂಗಳೂರಿಂದ ಧರ್ಮಸ್ಥಳಕ್ಕೆ ನಡ್ಕೊಂಡು ಹೋಗ್ತಿದೀವಿ. ಗಂಡ ಹೆಂಡತಿ ಇಬ್ರೇ. ಗುರುವಾರ, ಶುಕ್ರವಾರ ಎರಡು ರಾತ್ರಿಗೆ ಕೆಳಗಡೆ ಒಂದು ರೂಮು ಬೇಕಿತ್ತು."

ಪಾದಯಾತ್ರೆ ಎಂಬ ಮಾತಿಗೆ ಈ ದಾರಿಯಲ್ಲಿ ಬೆಲೆ ಇದೆ. ರೇಟು ಕಡಿಮೆ ಆಗುತ್ತದೋ ಇಲ್ಲವೋ, "ಬನ್ನಿ ಸಾರ್, ಇಟ್ಟಿರ್ತೀವಿ" ಎಂಬ ಮಾತು ಸಿಗುತ್ತದೆ. ಆಮೇಲೆ ವಿವರ ಕೇಳಿ. ರೂಮು ನೆಲಮಹಡಿಯಲ್ಲಿದೆಯೇ, ಇಲ್ಲದಿದ್ದರೆ ಲಿಫ್ಟ್ ಇದೆಯೇ? ಇಪ್ಪತ್ತೈದು ಕಿಲೋಮೀಟರ್ ನಡೆದವರಿಗೆ ಎರಡು ಮಹಡಿ ಮೆಟ್ಟಿಲೆಂದರೆ ಶಿಕ್ಷೆ. ಬಾತ್‌ರೂಮಿನಲ್ಲಿ ಕಮೋಡ್ ವೆಸ್ಟರ್ನಾ, ಇಂಡಿಯನ್ನಾ? ಮಂಡಿ ಬಾತುಕೊಂಡಾಗ ಕುಕ್ಕರುಗಾಲಲ್ಲಿ ಕೂರಲು ಆಗುವುದಿಲ್ಲ, ಆದ್ದರಿಂದ ಸಂಕೋಚ ಬಿಟ್ಟು ಕೇಳಿ. ಬಿಸಿನೀರು ಸಂಜೆಯೂ ಬರುತ್ತದೆಯೇ? ಸೋಲಾರ್ ಇರುವ ಕಡೆ "ಬೆಳಗ್ಗೆ ಆರರಿಂದ ಎಂಟು" ಎನ್ನುತ್ತಾರೆ. ನೀವು ಐದಕ್ಕೇ ಹೊರಡುವವರು. ಸಂಜೆ ಎರಡು ಬಕೆಟ್ ಬಿಸಿನೀರು ಕಾಯಿಸಿ ಕೊಡುತ್ತಾರೆಯೇ ಎಂದು ಕೇಳಿದರೆ ಹೆಚ್ಚಿನ ಕಡೆ ಒಪ್ಪುತ್ತಾರೆ. ಕೆಳಗೆ ಬಾರ್ ಇದೆಯೇ? ಪೇಟೆಯ ಎಷ್ಟೋ ಲಾಡ್ಜುಗಳು ಬಾರ್ ಅಂಡ್ ರೆಸ್ಟೋರೆಂಟಿನ ಮೇಲೇ ಇರುತ್ತವೆ. ಹೆಂಡತಿಯೊಡನೆ ಹೋಗುವಾಗ, ಅದೂ ಯಾತ್ರೆಯಲ್ಲಿರುವಾಗ, ಅಂಥದ್ದು ಬೇಡ. ಚೆಕ್‌ಔಟ್ ಇಪ್ಪತ್ತನಾಲ್ಕು ಗಂಟೆಯದೋ, ಬೆಳಗ್ಗೆ ಇಂತಿಷ್ಟು ಹೊತ್ತಿಗೆ ಎಂದೋ? ವ್ರತ ಹಿಡಿದವರು ಎರಡು ಬೇರೆ ಬೇರೆ ಮಂಚವಿರುವ ರೂಮು ಎಂದು ಮೊದಲೇ ಹೇಳಿಬಿಡಿ.

ಒಪ್ಪಿದ ಮೇಲೆ ಒಂದು ರಾತ್ರಿಯ ಹಣವನ್ನು ಯುಪಿಐನಲ್ಲಿ ಕಳಿಸಿ, ಫೋನಿನಲ್ಲಿ ಮಾತಾಡಿದವರ ಹೆಸರು ಬರೆದಿಟ್ಟುಕೊಳ್ಳಿ. ಹಿಂದಿನ ದಿನ ಇನ್ನೊಮ್ಮೆ ಫೋನ್ ಮಾಡುವುದು ಕಡ್ಡಾಯ.

ಹಂತ 5: ಕಾಗದಪತ್ರ

ಲಾಡ್ಜಿನಲ್ಲಿ ಇಬ್ಬರ ಗುರುತಿನ ಚೀಟಿಯೂ ಬೇಕು. ಆಧಾರ್ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿಯನ್ನೇ ಕೊಡಿ. ಹೊಸದಾಗಿ ಮದುವೆಯಾದವರಿಗೆ ಒಂದು ಸಮಸ್ಯೆ: ಹೆಂಡತಿಯ ಆಧಾರಿನಲ್ಲಿ ಇನ್ನೂ ತವರಿನ ವಿಳಾಸ, ತಂದೆಯ ಹೆಸರು ಇರುತ್ತದೆ. ಕೌಂಟರಿನವನು ಅನುಮಾನದಿಂದ ನೋಡಿದರೆ ಬೇಸರವಾಗುತ್ತದೆ. ವಿವಾಹ ನೋಂದಣಿ ಪತ್ರದ ಫೋಟೊ, ಇಲ್ಲವೇ ಲಗ್ನಪತ್ರಿಕೆಯ ಫೋಟೊ ಮೊಬೈಲಿನಲ್ಲಿ ಇರಲಿ. ಮದುವೆಯಾಗದ ಜೋಡಿ ಒಂದೇ ರೂಮಿನಲ್ಲಿ ಇರಬಾರದೆಂಬ ಕಾನೂನು ದೇಶದಲ್ಲಿಲ್ಲ. ಆದರೆ ಸಣ್ಣ ಊರಿನ ಲಾಡ್ಜಿನವರು ಒಪ್ಪದೇ ಇರಬಹುದು; ಮಠ, ದೇವಸ್ಥಾನಗಳ ವಸತಿಗೆ ಅಲ್ಲಿಯದೇ ಕಟ್ಟುಪಾಡು. ಫೋನಿನಲ್ಲೇ ನೇರವಾಗಿ ಹೇಳಿ ಕೇಳಿಕೊಂಡರೆ ರಾತ್ರಿ ಎಂಟಕ್ಕೆ ಬ್ಯಾಗು ಹೊತ್ತು ಬೀದಿಯಲ್ಲಿ ನಿಲ್ಲುವುದು ತಪ್ಪುತ್ತದೆ.

ಹಂತ 6: ಲಾಡ್ಜು ಸಿಗದ ಕಡೆ

ಚನ್ನರಾಯಪಟ್ಟಣ ತುಂಬಿದ್ದರೆ ಶ್ರವಣಬೆಳಗೊಳ ಹತ್ತಿರದಲ್ಲೇ ಇದೆ. ಅಲ್ಲಿನ ಯಾತ್ರಿಗಳ ವಸತಿಗೃಹಗಳಲ್ಲಿ ಕುಟುಂಬಗಳಿಗೆ ಕೋಣೆ ಸಿಗುತ್ತದೆ. ಬೆಳ್ಳೂರು ಕ್ರಾಸಿನ ಸಮೀಪ ಆದಿಚುಂಚನಗಿರಿ ಮಠವಿದೆ. ಹೆದ್ದಾರಿ ಪಕ್ಕದ ಬಿ.ಜಿ. ನಗರದಲ್ಲಿ ಅವರದೇ ದೊಡ್ಡ ಆಸ್ಪತ್ರೆ. ಕಾಲಿನ ಗುಳ್ಳೆ ಕೀವಾಗಿದ್ದರೆ ಅಲ್ಲಿ ತೋರಿಸಿಯೇ ಮುಂದೆ ಹೋಗಿ. ಮಠದ ವಸತಿಯಲ್ಲಿ ಬಾಗಿಲು ಮುಚ್ಚುವ ಹೊತ್ತು, ಊಟದ ಹೊತ್ತು ಎಲ್ಲ ಅವರದು. ಹೋಟೆಲಿನ ಉಪಚಾರ ನಿರೀಕ್ಷಿಸದೆ, ಹುಂಡಿಗೆ ಕೈಲಾದಷ್ಟು ಹಾಕಿ ಬನ್ನಿ.

ಮೂಡಿಗೆರೆ ದಾಟಿದ ಮೇಲೆ ಬಣಕಲ್, ಕೊಟ್ಟಿಗೆಹಾರದ ಸುತ್ತ ಹೋಂಸ್ಟೇಗಳೇ ಹೆಚ್ಚು. ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಮುಖ್ಯರಸ್ತೆಯಿಂದ ಎಷ್ಟು ಒಳಗೆ ಎಂಬುದು. ಮಲೆನಾಡಿನವರು "ಇಲ್ಲೇ ಹತ್ತಿರ" ಎಂದರೆ ಕಾಫಿ ತೋಟದೊಳಗೆ ನಾಲ್ಕು ಕಿಲೋಮೀಟರ್ ಏರು ದಾರಿ ಇರಬಹುದು. ಜೀಪು ಕಳಿಸಿ ಕರೆಸಿಕೊಂಡು ಬೆಳಗ್ಗೆ ರಸ್ತೆಗೆ ಬಿಡುತ್ತಾರೆಯೇ ಎಂದು ಮಾತಾಡಿಕೊಳ್ಳಿ. ದರ ಸಾಮಾನ್ಯವಾಗಿ ಊಟ ಸೇರಿ ತಲೆಗೆ ಇಷ್ಟು ಎಂದಿರುತ್ತದೆ. ಸಸ್ಯಾಹಾರ ಬೇಕೆಂದು ಮೊದಲೇ ತಿಳಿಸಿ. ರಾತ್ರಿ ಕ್ಯಾಂಪ್‌ಫೈರು, ಹಾಡು ಕುಣಿತ ಇರುವ ಜಾಗವೇ ಎಂದೂ ಕೇಳಿ. ಎಲ್ಲಿಯೂ ಸಿಗದಿದ್ದರೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬಸ್ಸಿನಲ್ಲಿ ಮೂಡಿಗೆರೆಗೇ ಮರಳಿ.

ಹಂತ 7: ತಂಡದ ಜತೆ ನಂಟು ಇರಲಿ

ರಾತ್ರಿ ಬೇರೆ ಮಲಗಿದರೂ ಹಗಲು ತಂಡದೊಂದಿಗೆ ಸಂಪರ್ಕ ಇಟ್ಟುಕೊಳ್ಳಿ. ನಿಮ್ಮ ಬಡಾವಣೆಯಿಂದ ಹೊರಡುವ ತಂಡದ ಹಿರಿಯರಿಗೆ ವಿಷಯ ತಿಳಿಸಿ, ಫೋನ್ ನಂಬರು ಕೊಟ್ಟಿರಿ. ಅವರು ಬೇಗ ಸಾಗುವವರಾದ್ದರಿಂದ ನೀವು ಐದಾರು ದಿನ ಮುಂಚೆ ಹೊರಟರೆ ಮೂಡಿಗೆರೆಯ ಹೊತ್ತಿಗೆ ಅವರು ನಿಮ್ಮನ್ನು ಕೂಡಿಕೊಳ್ಳುತ್ತಾರೆ. ಕೊಟ್ಟಿಗೆಹಾರದಿಂದ ಚಾರ್ಮಾಡಿವರೆಗಿನ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸಿನ ಘಾಟಿಯಲ್ಲಿ ಇಬ್ಬರೇ ನಡೆಯಬೇಡಿ. ತಿರುವುಗಳಲ್ಲಿ ವಾಹನ, ಕಾಡಿನಲ್ಲಿ ಆನೆ, ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಬೆಳಕು ಹರಿದ ಮೇಲೆ ಗುಂಪಿನೊಂದಿಗೆ ಇಳಿದು, ಕತ್ತಲಾಗುವ ಮುನ್ನ ಚಾರ್ಮಾಡಿಯಿಂದ ಬಸ್ಸು ಹಿಡಿದು ಉಜಿರೆಯ ರೂಮಿಗೆ ಸೇರಿ. ಮರುದಿನ ಚಾರ್ಮಾಡಿಗೆ ಮರಳಿ ಅಲ್ಲಿಂದ ಉಳಿದ ದಾರಿ ನಡೆದರಾಯಿತು.

ಹಂತ 8: ರೂಮು ಸೇರಿದ ಮೇಲೆ

ಬ್ಯಾಗು ಇಳಿಸುವ ಮೊದಲು ಒಳಚಿಲಕ ಸರಿ ಬೀಳುತ್ತದೆಯೇ, ಕಿಟಕಿ ಮುಚ್ಚುತ್ತದೆಯೇ, ನಲ್ಲಿಯಲ್ಲಿ ನೀರಿದೆಯೇ ನೋಡಿ. ಸರಿಯಿಲ್ಲದಿದ್ದರೆ ಆಗಲೇ ಬೇರೆ ರೂಮು ಕೇಳಿ. ಬಾಡಿಗೆಯನ್ನು ರಾತ್ರಿಯೇ ಚುಕ್ತಾ ಮಾಡಿ, ಬೆಳಗಿನ ಜಾವ ಶಟರ್ ತೆಗೆಯುವವರು ಯಾರು, ಅವರು ಎಲ್ಲಿ ಮಲಗುತ್ತಾರೆ ಎಂದು ತಿಳಿದುಕೊಳ್ಳಿ. ಇಲ್ಲದಿದ್ದರೆ ಐದು ಗಂಟೆಗೆ ಬ್ಯಾಗು ಹೊತ್ತು ಬೀಗದ ಮುಂದೆ ನಿಲ್ಲಬೇಕಾಗುತ್ತದೆ.

ಮೊದಲು ಸ್ನಾನ ಹೆಂಡತಿಯದು. ಅಷ್ಟು ಹೊತ್ತಿಗೆ ಗಂಡ ಒಂದು ಬಕೆಟ್ ಬಿಸಿನೀರಿಗೆ ಹಿಡಿ ಕಲ್ಲುಪ್ಪು ಹಾಕಿ ಕಾಲು ಇಳಿಬಿಟ್ಟು ಕೂರಲಿ. ಆಮೇಲೆ ಅದಲು ಬದಲು. ಹದಿನೈದು ನಿಮಿಷ ಕಳೆದು ಕಾಲು ಒರೆಸಿ, ಬೆರಳ ಸಂದುಗಳನ್ನು ಪೂರ್ತಿ ಒಣಗಿಸಿ, ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಿ. ತನ್ನ ಅಂಗಾಲಿನ ಗುಳ್ಳೆ ತನಗೆ ಕಾಣುವುದಿಲ್ಲ, ಹಾಗಾಗಿ ಒಬ್ಬರ ಕಾಲನ್ನು ಇನ್ನೊಬ್ಬರು ಟಾರ್ಚ್ ಹಿಡಿದು ನೋಡಬೇಕು. ಕಿಟಕಿಯ ಸರಳಿಗೂ ಬಾಗಿಲ ಚಿಲಕಕ್ಕೂ ನೈಲಾನ್ ದಾರ ಕಟ್ಟಿ, ಒಗೆದ ಸಾಕ್ಸು, ಒಳಬಟ್ಟೆ ಫ್ಯಾನಿನ ಕೆಳಗೆ ಬರುವಂತೆ ಹರವಿ. ಕಲ್ಯಾಣ ಮಂಟಪದ ಹಾಲಿನಲ್ಲಿ ಹೆಂಗಸರಿಗೆ ಆಗದ ಕೆಲಸವಿದು. ಒದ್ದೆ ಬಟ್ಟೆಯನ್ನೇ ಬ್ಯಾಗಿಗೆ ತುರುಕಿ ಮರುದಿನ ತೊಡೆ ಸಂದು ಉರಿದು ನಡೆಯಲಾರದೆ ಕುಳಿತವರನ್ನು ನೋಡಿದ್ದೇನೆ.

ನಡುವೆ ಮುಟ್ಟಾದರೆ ಗಾಬರಿ ಬೇಡ. ಅದೇ ರೂಮನ್ನು ಇನ್ನೆರಡು ಮೂರು ದಿನ ಮುಂದುವರಿಸಿ ವಿಶ್ರಾಂತಿ ಪಡೆದು, ನಿಮ್ಮ ಮನೆಯ ಪದ್ಧತಿಯಂತೆ ಮತ್ತೆ ಹೊರಡಿ. ಲೆಕ್ಕದಲ್ಲಿ ಹೆಚ್ಚುವರಿ ದಿನಗಳನ್ನು ಇಟ್ಟುಕೊಳ್ಳಲು ಇದೂ ಒಂದು ಕಾರಣ. ಯಾವ ತೊಂದರೆಗೂ, ಯಾವ ಹೊತ್ತಿಗೂ 112ಕ್ಕೆ ಕರೆ ಮಾಡಬಹುದು.

ಹಂತ 9: ಕ್ಷೇತ್ರದಲ್ಲಿ

ಧರ್ಮಸ್ಥಳದಲ್ಲಿ ಕ್ಷೇತ್ರದ್ದೇ ರಜತಾದ್ರಿ, ಸಹ್ಯಾದ್ರಿ, ವೈಶಾಲಿ, ಶರಾವತಿ, ಗಂಗೋತ್ರಿ ಮೊದಲಾದ ವಸತಿಗೃಹಗಳಿವೆ. ಶಿವರಾತ್ರಿಯ ಹೊತ್ತಿಗೆ ಪಾದಯಾತ್ರಿಗಳಿಗೆ ಊಟ, ವಸತಿಯ ವ್ಯವಸ್ಥೆಯನ್ನೂ ಮಾಡುತ್ತಾರೆ, ಆದರೆ ಅದು ಸಾಮೂಹಿಕ. ಪ್ರತ್ಯೇಕ ಕೋಣೆ ಆಗ ಸಿಗುವುದು ಕಷ್ಟ. ಉಜಿರೆಯ ರೂಮನ್ನೇ ಇನ್ನೊಂದು ರಾತ್ರಿಗೆ ಇಟ್ಟುಕೊಳ್ಳಿ; ಒಂಬತ್ತು ಹತ್ತು ಕಿಲೋಮೀಟರ್ ದೂರ, ಬಸ್ಸು, ಜೀಪು ಸಾಕಷ್ಟಿವೆ. ನೇತ್ರಾವತಿಯಲ್ಲಿ ಸ್ನಾನ, ಮಂಜುನಾಥನ ದರ್ಶನ, ಅನ್ನಪೂರ್ಣ ಛತ್ರದಲ್ಲಿ ಪ್ರಸಾದ ಮುಗಿಸಿ ಉಜಿರೆಗೆ ಬಂದು ನಿದ್ದೆ ಮಾಡಿ. ಬೆಂಗಳೂರಿನ ರಾತ್ರಿ ಬಸ್ಸಿನ ಸೀಟನ್ನು ಹೊರಡುವ ಮುಂಚೆಯೇ ಕಾಯ್ದಿರಿಸಿರಬೇಕು.

ಇದಕ್ಕೆಲ್ಲ ಮೊದಲು ಒಂದು ಶನಿವಾರ, ಭಾನುವಾರ

ಲಾಲ್‌ಬಾಗ್ ಸುತ್ತು ಹಾಕಿದ್ದನ್ನು ಅಭ್ಯಾಸವೆಂದು ನಂಬಿ ಹೊರಡಬೇಡಿ. ಹೊರಡುವ ತಿಂಗಳ ಮೊದಲು ಕನಕಪುರ ರಸ್ತೆಯಲ್ಲಿ ಈ ಪದ್ಧತಿಯನ್ನೇ ಒಮ್ಮೆ ಮಾಡಿ ನೋಡಿ. ಶನಿವಾರ ಮೆಟ್ರೊದಲ್ಲಿ ಸಿಲ್ಕ್ ಇನ್‌ಸ್ಟಿಟ್ಯೂಟ್ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಹಾರೋಹಳ್ಳಿವರೆಗೆ ನಡೆದು, ಬಸ್ಸಿನಲ್ಲಿ ಕನಕಪುರಕ್ಕೆ ಹೋಗಿ ಮೊದಲೇ ಫೋನಿನಲ್ಲಿ ಹಿಡಿದ ಲಾಡ್ಜಿನಲ್ಲಿ ಮಲಗಿ. ಭಾನುವಾರ ಹಾರೋಹಳ್ಳಿಗೆ ಮರಳಿ ಅಲ್ಲಿಂದ ಕನಕಪುರಕ್ಕೆ ನಡೆಯಿರಿ. ಕನಕಪುರದಿಂದ ಬನಶಂಕರಿಗೆ ಬಸ್ಸುಗಳು ಸಾಕಷ್ಟಿವೆ. ಬ್ಯಾಗಿನ ಭಾರ, ಶೂಗಳ ಯೋಗ್ಯತೆ, ಫೋನಿನಲ್ಲಿ ಕೇಳಲು ಮರೆತ ಪ್ರಶ್ನೆ ಎಲ್ಲವೂ ಆ ಎರಡು ದಿನದಲ್ಲಿ ತಿಳಿದುಬಿಡುತ್ತದೆ.

ನಡೆದು ಬಂದ ಮೇಲೆ ಒಂದು ಉಪಕಾರ ಮಾಡಿ. ಯಾವ ಊರಿನ ಯಾವ ಲಾಡ್ಜಿನಲ್ಲಿ ಕೆಳಗಿನ ರೂಮು ಸಿಕ್ಕಿತು, ಸಂಜೆ ಬಿಸಿನೀರು ಕೊಟ್ಟವರು ಯಾರು, ಬೆಳಗಿನ ಜಾವ ಶಟರ್ ತೆಗೆದವರು ಯಾರು ಎಂದು ಬರೆದು, ನಿಮ್ಮ ಬಡಾವಣೆಯ ಪಾದಯಾತ್ರೆ ತಂಡದವರ ಕೈಗೆ ಕೊಡಿ. ಮುಂದಿನ ವರ್ಷ ಹೊರಡುವ ಹೊಸ ದಂಪತಿಗೆ ಅದು ಬೇಕಾಗುತ್ತದೆ.